ಮೊಡವೆಗಾಗಿ ಊಟ ಬಿಟ್ಟ ಮಗಳು: ಸಂಪಾದಕರ ಉತ್ತರ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಮಾತ್ರ ಹೇಳುತ್ತೇನೆ. ಮಗಳಿಗೆ 17 ವರ್ಷ, ಮುಖದ ತುಂಬ ಮೊಡವೆ. ವಿಡಿಯೊಗಳನ್ನು ನೋಡಿ ಮೊದಲು ಸಿಹಿ ಬಿಟ್ಟಳು, ಆಮೇಲೆ ಹಾಲು, ಆಮೇಲೆ ಎಣ್ಣೆ, ಮೊಟ್ಟೆ. ಈಗ 3 ತಿಂಗಳಿಂದ ಕ್ಯಾರೆಟ್ ಮತ್ತು ಹಣ್ಣಿನ ಜ್ಯೂಸು, ಬಯೋಟಿನ್ ಎಂಬ ಬಿ ವಿಟಮಿನ್ ಮಾತ್ರೆ, ಕೊಲಾಜೆನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್) ಪುಡಿ. ಕೂದಲು ಉದುರುತ್ತಿದೆ, ಅಂಗೈ ಹಳದಿಯಾಗಿದೆ, ಮೊಡವೆ ಮಾತ್ರ ಹಾಗೇ ಇದೆ. “ಚರ್ಮ ಚೆನ್ನಾಗಿರಬೇಕಾದರೆ ಏನು ತಿನ್ನಿಸಲಿ? ಹಾಲು ಬಿಟ್ಟಿದ್ದು ಸರಿಯಾ?” ಎಂದು ಕೇಳಿದ್ದೀರಿ.

ನಿಮ್ಮನ್ನು ಹೆದರಿಸಿರುವ ಅಂಗೈ ವಿಷಯ ಮೊದಲು. ಮಗಳನ್ನು ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ಕೂರಿಸಿ, ಕಣ್ಣಿನ ಬಿಳಿಭಾಗ ನೋಡಿ. ಅದು ಬೆಳ್ಳಗೇ ಇದ್ದು, ಅಂಗೈ, ಅಂಗಾಲು, ಮೂಗಿನ ಪಕ್ಕ ಮಾತ್ರ ಹಳದಿ ಕಂಡರೆ ಅದು ಬಹುತೇಕ ಕ್ಯಾರೆಟ್ಟಿನ ಬಣ್ಣ. ಅದರಲ್ಲಿರುವ ಬೀಟಾ ಕ್ಯಾರೊಟಿನ್ ಜಾಸ್ತಿಯಾದರೆ ದಪ್ಪ ಚರ್ಮವಿರುವ ಕಡೆ ಹೋಗಿ ಸೇರಿಕೊಳ್ಳುತ್ತದೆ. ಜ್ಯೂಸು ಕಡಿಮೆ ಮಾಡಿದರೆ ನಿಧಾನಕ್ಕೆ ಹೋಗುತ್ತದೆ. ಕಣ್ಣೂ ಹಳದಿಯಾಗಿದ್ದರೆ, ಮೂತ್ರದ ಬಣ್ಣ ಗಾಢವಾಗಿದ್ದರೆ ಕಾಮಾಲೆ ಇರಬಹುದು. ಆಗ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ನನಗೆ ಅಂಗೈಗಿಂತ ಕೂದಲಿನ ಮಾತೇ ಜಾಸ್ತಿ ಆತಂಕ ತಂದಿತು. ಹೊಟ್ಟೆಗೆ ಸಾಲದಿದ್ದಾಗ ದೇಹ ಕೂದಲು ಬೆಳೆಸುವ ಕೆಲಸವನ್ನು ಬದಿಗಿಡುತ್ತದೆ. ಹಾಗೆ ನಿಂತ ಕೂದಲು ಉದುರುವುದು 2–3 ತಿಂಗಳು ಕಳೆದ ಮೇಲೆ. ನೀವು ಬರೆದ ಲೆಕ್ಕಕ್ಕೆ ಇದು ಸರಿಯಾಗಿ ಕೂಡುತ್ತದೆ. ಅಂದರೆ ಮಗಳ ಊಟ ಈಗಾಗಲೇ ಸಾಲದಾಗಿದೆ.

ಚರ್ಮಕ್ಕೂ ಊಟ ಬೇಕೇ ಬೇಕು. ಅದರ ಮೇಲ್ಪದರ ಸುಮಾರು 4 ವಾರಕ್ಕೊಮ್ಮೆ ಹೊಸದಾಗುತ್ತದೆ. ಕೆಳಗೆ ಹುಟ್ಟಿದ ಕೋಶಗಳು ಮೇಲಕ್ಕೆ ಬಂದು, ಸತ್ತು, ಉದುರಿ ಹೋಗುತ್ತವೆ. ಇದಕ್ಕೆ ಪ್ರೋಟೀನ್ ಬೇಕು. ಕೋಶಗಳ ನಡುವೆ ನೀರು ಆರದಂತೆ ತಡೆಯಲು ಕೊಬ್ಬು ಬೇಕು. 1929ರಲ್ಲಿ ಅಮೆರಿಕದ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಅವುಗಳ ಚರ್ಮ ಒಣಗಿ ಹೊಟ್ಟು ಹೊಟ್ಟಾಗಿ ಏಳತೊಡಗಿತು. ಎಣ್ಣೆ ತಿಂದರೆ ಮುಖದಲ್ಲಿ ಎಣ್ಣೆ ಬರುತ್ತದೆ ಎಂದು ನಿಮ್ಮ ಮಗಳು ನಂಬಿದ್ದಾಳೆ, ಅಲ್ವಾ? ಮುಖದ ಎಣ್ಣೆ ಬರುವುದು ಚರ್ಮದೊಳಗಿನ ಗ್ರಂಥಿಗಳಿಂದ, ಹಾರ್ಮೋನುಗಳ ಮಾತು ಕೇಳಿಕೊಂಡು.

ಇನ್ನೊಂದು ಕತೆ ಮಗಳಿಗೆ ಓದಿ ಹೇಳಿ. 1939ರಲ್ಲಿ ಜಾನ್ ಕ್ರ್ಯಾಂಡನ್ ಎಂಬ ಅಮೆರಿಕದ ಯುವ ಸರ್ಜನ್, ಸಿ ವಿಟಮಿನ್ ಇರುವ ಆಹಾರವನ್ನು ಬೇಕೆಂದೇ ಬಿಟ್ಟರು. 3 ತಿಂಗಳಾದಾಗ ಅವರ ಬೆನ್ನಿನ ಮೇಲೆ ಒಂದು ಸಣ್ಣ ಗಾಯ ಮಾಡಿದರು. ಅದು ಎಂದಿನಂತೆ ವಾಸಿಯಾಯಿತು. 4 ತಿಂಗಳು ದಾಟಿದ ಮೇಲೆ ಚರ್ಮ ಒರಟಾಗಿ ಸಣ್ಣ ಗುಳ್ಳೆಗಳೆದ್ದವು, ಆಮೇಲೆ ಕಾಲಿನ ಕೂದಲ ಬುಡದಲ್ಲಿ ರಕ್ತದ ಚುಕ್ಕೆಗಳು. 6 ತಿಂಗಳಾದಾಗ ಮಾಡಿದ ಇನ್ನೊಂದು ಗಾಯ ಮಾಯಲೇ ಇಲ್ಲ. ಸಿ ವಿಟಮಿನ್ ಕೊಟ್ಟ ಮೇಲೆ ಹತ್ತೇ ದಿನದಲ್ಲಿ ಮಾಯಿತು. ಆ ವಿಟಮಿನ್ ಇಲ್ಲದೆ ದೇಹ ಗಟ್ಟಿಯಾದ ಕೊಲಾಜೆನ್ ಕಟ್ಟಲಾರದು. ಕೊರತೆ ಚರ್ಮದಲ್ಲಿ ಕಾಣುವ ಹೊತ್ತಿಗೆ ಒಳಗೆ ತಿಂಗಳುಗಳೇ ಕಳೆದಿರುತ್ತವೆ. ಬೇಕಾದಷ್ಟು ಸಿಕ್ಕಿದ ಮೇಲೆ ಇನ್ನೂ ಇನ್ನೂ ತಿಂದರೆ ಚರ್ಮ ಇನ್ನಷ್ಟು ಹೊಳೆಯುತ್ತದೆ ಎಂದೇನೂ ಇಲ್ಲ.

ಹಾಗಾದರೆ ಮೊಡವೆಗೂ ಊಟಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ವಿಡಿಯೊದಲ್ಲಿ ಹೇಳುವಷ್ಟಲ್ಲ. ಬೇಗನೆ ಸಕ್ಕರೆಯಾಗುವ ಆಹಾರ ತಿಂದಾಗ ಇನ್ಸುಲಿನ್ ಏರುತ್ತದೆ. ಅದರ ಜೊತೆಗೆ ಬೆಳವಣಿಗೆಗೆ ನೆರವಾಗುವ ಕೆಲವು ಹಾರ್ಮೋನುಗಳೂ ಚುರುಕಾಗಿ, ಚರ್ಮದ ಗ್ರಂಥಿಗಳು ಜಾಸ್ತಿ ಎಣ್ಣೆ ಬಿಡುತ್ತವೆ. ಆಸ್ಟ್ರೇಲಿಯಾದಲ್ಲಿ 15ರಿಂದ 25 ವರ್ಷದ 43 ಹುಡುಗರ ಮೇಲೆ 12 ವಾರ ನಡೆದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಸಕ್ಕರೆ ನಿಧಾನವಾಗಿ ಏರುವಂಥ ಊಟ ಮಾಡಿದವರಲ್ಲಿ ಮೊಡವೆ ಹೆಚ್ಚು ಇಳಿದಿತ್ತು. ಅವರ ತೂಕವೂ ಇಳಿದಿತ್ತು, ಹಾಗಾಗಿ ಪೂರ್ತಿ ಶ್ರೇಯ ಊಟದ್ದೇ ಎನ್ನುವಂತಿಲ್ಲ. ಅವರು ಊಟ ಬಿಟ್ಟಿರಲಿಲ್ಲ, ಊಟ ಬದಲಿಸಿಕೊಂಡಿದ್ದರು ಅನ್ನುವುದನ್ನು ಗಮನಿಸಿ. ನಿಮ್ಮ ಮಗಳು ಸಿಹಿ ಬಿಟ್ಟದ್ದು ಒಳ್ಳೆಯದೇ. ಆದರೆ ಹಣ್ಣನ್ನು ಹಿಂಡಿ ಸೋಸಿದರೆ ನಾರು ಹೋಗಿ ಸಕ್ಕರೆ ಲೋಟದಲ್ಲೇ ಉಳಿಯುತ್ತದೆ. ಹಣ್ಣನ್ನು ಕಚ್ಚಿ ತಿನ್ನಲಿ. ಕಾಳು, ತರಕಾರಿ, ಇಡೀ ಧಾನ್ಯ, ಮೊಟ್ಟೆ, ಒಂದಿಷ್ಟು ಎಣ್ಣೆಬೀಜ ಮತ್ತೆ ತಟ್ಟೆಗೆ ಬರಲಿ.

ಹಾಲಿನ ಪ್ರಶ್ನೆಗೆ ಸುಮ್ನೆ ಹೌದು, ಇಲ್ಲ ಎಂದುಬಿಡಲು ಆಗುವುದಿಲ್ಲ. ಹಾಲು ಜಾಸ್ತಿ ಕುಡಿಯುವವರಲ್ಲಿ ಮೊಡವೆ ಸ್ವಲ್ಪ ಹೆಚ್ಚು ಎಂದು ಹಲವು ಸಮೀಕ್ಷೆಗಳು ಹೇಳಿವೆ, ಅದರಲ್ಲೂ ಕೆನೆ ತೆಗೆದ ಹಾಲಿನ ವಿಷಯದಲ್ಲಿ. ಹಾಲೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ನಿಮ್ಮ ಮಗಳು 3 ತಿಂಗಳು ಹಾಲು ಬಿಟ್ಟು ನೋಡಿದ್ದಾಳೆ, ಮೊಡವೆ ಇಳಿದಿಲ್ಲ. ಇಷ್ಟು ಸಾಕು. ಮತ್ತೆ ಕುಡಿಯಲಿ. ಈ ವಯಸ್ಸಿನಲ್ಲಿ ಮೂಳೆ ಇನ್ನೂ ಗಟ್ಟಿಯಾಗುತ್ತಿರುತ್ತದೆ.

ಮಾತ್ರೆಗಳನ್ನು ಸದ್ಯಕ್ಕೆ ನಿಲ್ಲಿಸಿ. ಬಯೋಟಿನ್ ಕೊರತೆ ತೀರಾ ಅಪರೂಪ. ಅಷ್ಟೇ ಅಲ್ಲ, ಅದರ ದೊಡ್ಡ ಡೋಸ್ ಥೈರಾಯ್ಡ್‌ನಂಥ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಕೂದಲಿಗಾಗಿ ಮಗಳ ರಕ್ತಪರೀಕ್ಷೆ ಮಾಡಿಸುವಾಗ ಬಯೋಟಿನ್ ತೆಗೆದುಕೊಳ್ಳುತ್ತಿದ್ದಳು ಎಂದು ಮರೆಯದೆ ಹೇಳಿ. ಕೊಲಾಜೆನ್ ಪುಡಿ ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನಂತೆಯೇ ಚೂರಾಗುತ್ತದೆ. ಅದು ಮೊಡವೆಯ ಔಷಧಿಯಲ್ಲ. ಡಬ್ಬಿಯ ಮೇಲೆ ಎ ವಿಟಮಿನ್ ಎಷ್ಟಿದೆ ನೋಡಿ. ಜಾಸ್ತಿಯಾದರೆ ಚರ್ಮವೇ ಒಣಗಿ ಸುಲಿಯುತ್ತದೆ, ಲಿವರ್‌ಗೂ ಪೆಟ್ಟು. ಬಿ12 ಜಾಸ್ತಿಯಾದರೆ ಕೆಲವರಿಗೆ ಮೊಡವೆ ಏಳುವುದೂ ಉಂಟು.

ಮೊಡವೆಗೆ ನಿಜವಾದ ಔಷಧಿಗಳಿವೆ. ಬೆನ್ಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಎಂಬ ಮುಲಾಮುಗಳನ್ನು ಚರ್ಮದ ಡಾಕ್ಟರುಗಳು ದಿನವೂ ಬರೆದುಕೊಡುತ್ತಾರೆ. ಗುಣ ಕಾಣಲು 8ರಿಂದ 12 ವಾರ ಬೇಕು. ಮೊದಮೊದಲು ಚರ್ಮ ಒಣಗಿ ಉರಿಯಬಹುದು. ಅಲ್ಲಿಗೇ ಕೈಬಿಡುವವರು ಬಹಳ ಜನ, ಅದನ್ನು ಮಗಳಿಗೆ ಮೊದಲೇ ಹೇಳಿಡಿ. ನೋಯುವ ದೊಡ್ಡ ಗಂಟುಗಳಿದ್ದರೆ ತಡಮಾಡಬೇಡಿ. ಅವು ಬಿಟ್ಟುಹೋಗುವ ಕುಳಿಗಳನ್ನು ಯಾವ ಊಟವೂ ತುಂಬುವುದಿಲ್ಲ.

ನೀವು ಬರೆಯದ ಎರಡು ವಿಷಯ ಕೇಳಬೇಕಾಗಿದೆ. ಮುಟ್ಟು ಸರಿಯಾಗಿ ಆಗುತ್ತಿದೆಯಾ? ಮೊದಲಿಂದಲೂ ಏರುಪೇರಾಗಿದ್ದು, ಗಲ್ಲದ ಮೇಲೆ ಕೂದಲೂ ಬರುತ್ತಿದ್ದರೆ ಹಾರ್ಮೋನಿನ ತೊಂದರೆ ಇರಬಹುದು. ಅದನ್ನು ಸ್ತ್ರೀರೋಗ ತಜ್ಞರು ನೋಡಬೇಕು. ಈ 3 ತಿಂಗಳಲ್ಲಿ ನಿಂತುಹೋಗಿದ್ದರೆ ಸಾಲದ ಊಟವೇ ಕಾರಣವಿರಬಹುದು. ಇನ್ನೊಂದು, ನಿಮ್ಮೆದುರು ಊಟ ಮಾಡಲು ಅವಳು ಹೆದರುತ್ತಾಳಾ? ಮೊಡವೆ ನೆಪವಾಗಿ ತಿನ್ನುವುದೇ ಭಯವಾಗಿಬಿಡುವುದು ಈ ವಯಸ್ಸಿನಲ್ಲಿ ನಡೆಯುತ್ತದೆ. ಹಾಗೇನಾದರೂ ಅನ್ನಿಸಿದರೆ ಚರ್ಮದ ಡಾಕ್ಟರಿಗಿಂತ ಮೊದಲು ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ತಟ್ಟೆ ಮುಂದೆ ಕೂತಾಗ ಅವಳ ಮುಖದ ಬಗ್ಗೆ ಮನೆಯವರು ಯಾರೂ ಒಂದು ಮಾತೂ ಆಡದಿರಲಿ, ನೀವೂ ಸಹ.