ಬಾಗಿ ನಿಂತವನ ಕಸುಬು: ಲಾಂಗ್ ಸ್ನ್ಯಾಪರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಪಂದ್ಯಗಳನ್ನು ಇತ್ತೀಚೆಗೆ ನೋಡತೊಡಗಿದ್ದೇನೆ. ಒಬ್ಬ ಆಟಗಾರ ಆಗೊಮ್ಮೆ ಈಗೊಮ್ಮೆ ಮೈದಾನಕ್ಕಿಳಿದು, ಬಾಗಿ ನಿಂತು, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆದು, ಮತ್ತೆ ಹೊರಗೆ ಹೋಗಿಬಿಡುತ್ತಾನೆ. ಇಷ್ಟಕ್ಕಾಗಿಯೇ ವೃತ್ತಿಪರ ತಂಡಗಳು ಒಬ್ಬನನ್ನು ಇಟ್ಟುಕೊಳ್ಳುತ್ತವೆಯೇ?

ಉತ್ತರ: ಹೌದು, ಇಷ್ಟಕ್ಕಾಗಿಯೇ ಇಟ್ಟುಕೊಳ್ಳುತ್ತವೆ. ನೀವು ಗಮನಿಸಿದ ಆಟಗಾರನನ್ನು ಲಾಂಗ್ ಸ್ನ್ಯಾಪರ್ ಎನ್ನುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ ಪ್ರತಿಯೊಂದಕ್ಕೂ 53 ಆಟಗಾರರ ಪಟ್ಟಿ ಇರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಒಂದು ಸ್ಥಾನ ಇವನದು. ಚೆಂಡನ್ನು ಒದೆಯಬೇಕಾದ ಸಂದರ್ಭಗಳಲ್ಲಿ ಮಾತ್ರ ಅವನಿಗೆ ಕೆಲಸ. ಪಂಟ್ ಮಾಡುವಾಗ, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವಾಗ, ಸುಮಾರು 15 ಗಜ ಹಿಂದೆ ನಿಂತ ಪಂಟರ್‌ಗೆ ಚೆಂಡನ್ನು ತಲುಪಿಸಬೇಕು. ಅಂಕಕ್ಕಾಗಿ ಗೋಲ್ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್ ಅಥವಾ ಎಕ್ಸ್‌ಟ್ರಾ ಪಾಯಿಂಟ್ ಆದರೆ ಏಳೆಂಟು ಗಜ ಹಿಂದೆ ಮಂಡಿಯೂರಿ ಕುಳಿತ ಹೋಲ್ಡರ್‌ನ ಕೈಗೆ ಕೊಡಬೇಕು. ಅವನು ಅದನ್ನು ನೆಲಕ್ಕೆ ಊರಿ ಹಿಡಿಯುತ್ತಾನೆ, ಕಿಕ್ಕರ್ ಒದೆಯುತ್ತಾನೆ.

ಹಿಂದೆ ಈ ಕೆಲಸವನ್ನು ಸೆಂಟರ್ ಆಗಿ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುವ ಸ್ಥಾನದಲ್ಲಿ, ಆಡುವವನೋ ಬೇರೆ ಸ್ಥಾನದ ಆಟಗಾರನೋ ತನ್ನ ಮುಖ್ಯ ಹೊಣೆಯ ಜೊತೆಗೇ ಮಾಡುತ್ತಿದ್ದ. 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ತಂಡದ ಕೋಚ್ ಜಾರ್ಜ್ ಅಲೆನ್ ಅವರು ಜಾರ್ಜ್ ಬರ್ಮನ್ ಎಂಬ ಆಟಗಾರನನ್ನು ಇದೊಂದಕ್ಕೇ ಮೀಸಲಿಟ್ಟಾಗ ಅದು ಹೊಸ ಸಂಗತಿಯಾಗಿತ್ತು. ಇಂದು ಅಂಥವನಿಲ್ಲದ ತಂಡವನ್ನು ಊಹಿಸುವುದೇ ಕಷ್ಟ.

ಪ್ರಶ್ನೆ: ತಲೆಕೆಳಗಾಗಿ ಚೆಂಡು ಎಸೆಯುವುದರಲ್ಲಿ ಅಷ್ಟೊಂದು ಕೌಶಲ ಏನಿದೆ? ಅಭ್ಯಾಸ ಮಾಡಿದರೆ ತಂಡದ ಯಾರು ಬೇಕಾದರೂ ಕಲಿಯಬಹುದಲ್ಲವೇ?

ಉತ್ತರ: ಚೆಂಡನ್ನು ಹಿಂದಕ್ಕೆ ತಲುಪಿಸುವುದನ್ನು ಬಹಳ ಮಂದಿ ಕಲಿಯಬಹುದು. ಆದರೆ ಮುಂದಿನವನು ಏನನ್ನೂ ಸರಿಪಡಿಸಬೇಕಾಗಿಲ್ಲದ ಸ್ಥಿತಿಯಲ್ಲಿ ತಲುಪಿಸುವುದು ಬೇರೆಯದೇ ವಿದ್ಯೆ, ಮತ್ತು ಈ ಕಸುಬಿನ ಜೀವ ಇರುವುದು ಅಲ್ಲಿಯೇ ಎಂದು ನಾನು ನಂಬುತ್ತೇನೆ.

ಮೊದಲು ಕಾಲದ ಲೆಕ್ಕ ನೋಡೋಣ. ಪಂಟ್‌ನಲ್ಲಿ ಚೆಂಡು ಆ 15 ಗಜವನ್ನು ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಕ್ರಮಿಸಬೇಕು. ಸ್ನ್ಯಾಪ್, ಅಂದರೆ ಹಿಂದಕ್ಕೆ ಎಸೆಯುವ ಈ ಎಸೆತ, ಆರಂಭವಾದ ಕ್ಷಣದಿಂದ ಪಂಟರ್‌ನ ಕಾಲು ಚೆಂಡಿಗೆ ತಗಲುವವರೆಗೆ ಸಿಗುವುದು ಹೆಚ್ಚುಕಡಿಮೆ ಎರಡು ಸೆಕೆಂಡು. ಫೀಲ್ಡ್ ಗೋಲ್‌ನಲ್ಲಿ ಸ್ನ್ಯಾಪ್, ಹಿಡಿಯುವುದು, ಊರುವುದು, ಒದೆಯುವುದು ಎಲ್ಲವೂ ಸೇರಿ ಸುಮಾರು 1.3 ಸೆಕೆಂಡಿನಲ್ಲಿ ಮುಗಿಯಬೇಕು, ಇಲ್ಲವಾದರೆ ಎದುರಾಳಿಯ ಕೈ ಚೆಂಡಿಗೆ ಅಡ್ಡ ಬರುತ್ತದೆ. ಪಂಟ್‌ಗೆ ಕೊಟ್ಟ ಚೆಂಡು ಪಂಟರ್ ಒದೆಯುವ ಕಾಲಿನ ಬದಿಯ ಸೊಂಟದ ಮಟ್ಟಕ್ಕೆ ಬರಬೇಕೆಂಬುದು ರೂಢಿ. ಒಂದಡಿ ಆಚೀಚೆ ಆದರೂ ಅವನು ತನ್ನ ಹೆಜ್ಜೆಯ ಸಾಲು ಬದಲಿಸಬೇಕಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಹೊಲಿಗೆಯ ವಿಷಯ. ಅಮೆರಿಕನ್ ಫುಟ್‌ಬಾಲ್ ಚೆಂಡು ಎರಡು ಕಡೆ ಮೊನಚಾದ, ಸುಮಾರು 28 ಸೆಂಟಿಮೀಟರ್ ಉದ್ದದ, 400 ಗ್ರಾಂಗಿಂತ ತುಸು ಹೆಚ್ಚು ತೂಕದ ಚೆಂಡು. ಅದರ ಒಂದು ಮಗ್ಗುಲಿನಲ್ಲಿ ಮಾತ್ರ ಉಬ್ಬಿದ ಹೊಲಿಗೆಯ, ಅಂದರೆ ಲೇಸುಗಳ, ಸಾಲು ಇರುತ್ತದೆ. ಒದೆಯುವ ಪಾದ ಆ ಲೇಸುಗಳಿಗೆ ತಾಗಿದರೆ ಅಥವಾ ಲೇಸು ಪಕ್ಕಕ್ಕೆ ತಿರುಗಿದ್ದರೆ ಚೆಂಡಿನ ಹಾದಿ ಓರೆಯಾಗುವ ಸಂಭವ ಇರುವುದರಿಂದ, ಲೇಸುಗಳು ಗೋಲ್ ಕಂಬಗಳ ಕಡೆಗೆ ಮುಖ ಮಾಡಿರಬೇಕು. ಹೋಲ್ಡರ್ ಬೆರಳಿನಿಂದ ತಿರುಗಿಸಿ ಸರಿಪಡಿಸಬಲ್ಲ, ನಿಜ, ಆದರೆ 1.3 ಸೆಕೆಂಡಿನಲ್ಲಿ ಅದಕ್ಕೂ ಪಾಲು ಕೊಡಬೇಕಾಗುತ್ತದೆ. ಆದ್ದರಿಂದ ಒಳ್ಳೆಯ ಸ್ನ್ಯಾಪರ್ ತನ್ನ ಎಸೆತದ ವೇಗವನ್ನೂ ಚೆಂಡಿನ ಸುತ್ತನ್ನೂ ಎಷ್ಟು ಖಚಿತವಾಗಿ ಪಳಗಿಸಿಕೊಂಡಿರುತ್ತಾನೆಂದರೆ, ಗಾಳಿಯಲ್ಲಿ ಚೆಂಡು ಪ್ರತಿ ಸಲವೂ ಅಷ್ಟೇ ಸುತ್ತು ಸುತ್ತಿ, ಹೋಲ್ಡರ್‌ನ ಅಂಗೈಗೆ ಬರುವ ಹೊತ್ತಿಗೆ ಲೇಸುಗಳು ತಾವಾಗಿಯೇ ಬೇಕಾದ ಕಡೆಗೆ ತಿರುಗಿರುತ್ತವೆ. ಅಭ್ಯಾಸದಲ್ಲಿ ಲೇಸು ಕಾಲು ಸುತ್ತು ಹೆಚ್ಚಾಗಿ ಬಂದರೆ, ಎಸೆತವನ್ನು ಬದಲಿಸುವ ಬದಲು ನೆಲದ ಮೇಲೆ ಚೆಂಡು ಹಿಡಿಯುವಾಗಲೇ ಅದನ್ನು ಸ್ವಲ್ಪ ಹೊರಳಿಸಿಕೊಳ್ಳುತ್ತಾರೆ, ಅಥವಾ ಹೋಲ್ಡರ್ ಕೆಲವು ಅಂಗುಲ ಹಿಂದೆ ಮುಂದೆ ಸರಿಯುತ್ತಾನೆ. ಹೋಲ್ಡರ್ ಹೆಚ್ಚಿನ ತಂಡಗಳಲ್ಲಿ ಪಂಟರ್‌ನೇ ಆಗಿರುವುದರಿಂದ, ಸ್ನ್ಯಾಪರ್, ಪಂಟರ್ ಮತ್ತು ಕಿಕ್ಕರ್ ಮೂವರೂ ಇಡೀ ಋತುವಿನಲ್ಲಿ ಒಟ್ಟಿಗೇ ಅಭ್ಯಾಸ ಮಾಡುತ್ತಾ ಈ ಅಂಗುಲಗಳ ಲೆಕ್ಕ ಹಾಕುತ್ತಿರುತ್ತಾರೆ. ಮಳೆಯಲ್ಲಿ ನೆನೆದ ಚೆಂಡಿನಿಂದಲೂ, ಮರಗಟ್ಟಿದ ಬೆರಳುಗಳಿಂದಲೂ ಅದೇ ಸುತ್ತು ಬರಬೇಕು ಎಂಬುದನ್ನು ನೆನೆದರೆ, ‘ಯಾರು ಬೇಕಾದರೂ’ ಎಂಬ ಮಾತನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳುತ್ತೀರಿ.

ಪ್ರಶ್ನೆ: ಎಸೆದ ಮೇಲೆ ಅವನ ಕೆಲಸ ಮುಗಿಯಿತೇ? ತಲೆ ಬಗ್ಗಿಸಿ ನಿಂತವನಿಗೆ ಎದುರಾಳಿಯ ಡಿಕ್ಕಿ ಅಪಾಯಕಾರಿಯಲ್ಲವೇ?

ಉತ್ತರ: ಮುಗಿಯುವುದಿಲ್ಲ. ಕೈಯಿಂದ ಚೆಂಡು ಬಿಟ್ಟ ತಕ್ಷಣ ಅವನು ತಲೆಯೆತ್ತಿ ನುಗ್ಗಿ ಬರುವವರನ್ನು ತಡೆಯಬೇಕು, ಪಂಟ್ ಆಗಿದ್ದರೆ ಅನಂತರ ನಲವತ್ತು ಐವತ್ತು ಗಜ ಓಡಿ ಚೆಂಡು ಹಿಡಿದವನನ್ನು ಕೆಡವುವುದರಲ್ಲೂ ಪಾಲುಗೊಳ್ಳಬೇಕು. ಅಪಾಯದ ಬಗ್ಗೆ ನಿಮ್ಮ ಆತಂಕ ಸರಿಯಾದದ್ದೇ. ಅದಕ್ಕಾಗಿಯೇ ಒದೆತದ ಸಂದರ್ಭಗಳಲ್ಲಿ ಎದುರಾಳಿ ಆಟಗಾರ ಸ್ನ್ಯಾಪರ್‌ನ ನೇರ ಮುಂದೆ ಸಾಲಿನಲ್ಲಿ ನಿಲ್ಲುವಂತಿಲ್ಲ ಎಂದು ಎನ್‌ಎಫ್‌ಎಲ್ ನಿಯಮ ಮಾಡಿದೆ.

ಪ್ರಶ್ನೆ: ಈ ವೃತ್ತಿಯಲ್ಲಿ ಎಷ್ಟು ವರ್ಷ ಉಳಿಯಬಹುದು? ಸಂಬಳ ಹೇಗೆ?

ಉತ್ತರ: ಒಮ್ಮೆ ನೆಲೆ ಸಿಕ್ಕಿದರೆ ಬಹಳ ಕಾಲ ಉಳಿಯಬಹುದು, ಏಕೆಂದರೆ ಪ್ರತಿ ಆಟದಲ್ಲೂ ಮೈಗೆ ಮೈ ಕೊಟ್ಟು ಸವೆಯುವ ಇತರರಂತೆ ಇವನ ದೇಹ ಬೇಗ ಸವೆಯುವುದಿಲ್ಲ. ಪ್ಯಾಟ್ರಿಕ್ ಮ್ಯಾನೆಲಿ 1998ರಿಂದ 2013ರವರೆಗೆ 16 ಋತುಗಳಲ್ಲಿ ಶಿಕಾಗೊ ಬೇರ್ಸ್ ಪರ 245 ಪಂದ್ಯಗಳನ್ನು ಆಡಿದರು. ಅಷ್ಟು ಹಳೆಯ, ಅಷ್ಟು ಹೆಸರಾದ ಆ ತಂಡದ ಅತಿ ಹೆಚ್ಚು ಪಂದ್ಯಗಳ ದಾಖಲೆ ಒಬ್ಬ ಸ್ನ್ಯಾಪರ್‌ನ ಹೆಸರಿನಲ್ಲಿದೆ ಎಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ. 2019ರಿಂದ ಕಾಲೇಜು ಮಟ್ಟದ ಅತ್ಯುತ್ತಮ ಸ್ನ್ಯಾಪರ್‌ಗೆ ಅವರ ಹೆಸರಿನಲ್ಲೇ ಪ್ರಶಸ್ತಿ ಕೊಡಲಾಗುತ್ತಿದೆ. ಡೆಟ್ರಾಯಿಟ್ ಲಯನ್ಸ್‌ನ ಡಾನ್ ಮುಲ್‌ಬಾಕ್ 260 ಪಂದ್ಯಗಳನ್ನು ಆಡಿದರು.

ಸಂಬಳವು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ಸಂಬಳದ ಹತ್ತಿರವೂ ಸುಳಿಯುವುದಿಲ್ಲ. ಹೆಚ್ಚಿನವರು ಲೀಗಿನ ಕನಿಷ್ಠ ಸಂಬಳದ ಆಸುಪಾಸಿನಲ್ಲಿರುತ್ತಾರೆ. 2025ರಲ್ಲಿ ಆ ಕನಿಷ್ಠ ಮೊತ್ತ ಹೊಸಬರಿಗೆ 8 ಲಕ್ಷ 40 ಸಾವಿರ ಡಾಲರ್, ಏಳು ಅಥವಾ ಅದಕ್ಕಿಂತ ಹೆಚ್ಚು ಋತುಗಳನ್ನು ಕಳೆದವರಿಗೆ 12 ಲಕ್ಷ 55 ಸಾವಿರ ಡಾಲರ್ ಆಗಿತ್ತು. ಹತ್ತು ವರ್ಷ ಉಳಿದವನಿಗೆ ಅದು ಸಣ್ಣ ಗಳಿಕೆಯಲ್ಲ. ಆದರೆ ಇರುವ ಕೆಲಸಗಳೇ ಹೆಚ್ಚುಕಡಿಮೆ 32, ಕುಳಿತವರು ಏಳುವುದು ಅಪರೂಪ.

ಪ್ರಶ್ನೆ: ಹಾಗಾದರೆ ಹೊಸಬರು ಒಳಗೆ ಬರುವುದು ಹೇಗೆ?

ಉತ್ತರ: ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಸ್ನ್ಯಾಪರ್‌ಗಾಗಿ ಆಯ್ಕೆಯ ಸರದಿಯನ್ನು ಖರ್ಚು ಮಾಡುವ ತಂಡಗಳು ಕಡಿಮೆ. 2015ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ನೌಕಾ ಅಕಾಡೆಮಿಯ ಜೋ ಕಾರ್ಡೋನಾ ಅವರನ್ನು ಐದನೆಯ ಸುತ್ತಿನಲ್ಲೇ ಆರಿಸಿಕೊಂಡದ್ದು ಸುದ್ದಿಯಾಗಿತ್ತು. ಉಳಿದವರು ಕಾಲೇಜು ಮುಗಿಸಿ, ಪರೀಕ್ಷಾ ಶಿಬಿರಗಳಿಗೆ ಹೋಗಿ ಬರುತ್ತಾ, ಯಾರಾದರೂ ಗಾಯಗೊಂಡಾಗ ಬರುವ ದೂರವಾಣಿ ಕರೆಗಾಗಿ ಕಾಯುತ್ತಾರೆ. ಅಮೆರಿಕದ ಸೇನೆಯ ವಿಶೇಷ ಪಡೆಯಲ್ಲಿದ್ದ ನೇಟ್ ಬೋಯರ್ ಮೂವತ್ತರ ಹೊಸ್ತಿಲಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿ, ಸ್ನ್ಯಾಪ್ ಮಾಡುವುದನ್ನು ಕಲಿತು, 2015ರಲ್ಲಿ 34ರ ವಯಸ್ಸಿನಲ್ಲಿ ಸಿಯಾಟಲ್ ಸೀಹಾಕ್ಸ್‌ನ ಪೂರ್ವ ಋತುವಿನ ಪಂದ್ಯವೊಂದರಲ್ಲಿ ಆಡಿದರು. ಅನಂತರ ತಂಡ ಅವರನ್ನು ಬಿಟ್ಟಿತು. ಬಾಗಿಲು ಎಷ್ಟು ಕಿರಿದು ಎಂಬುದಕ್ಕೂ, ಅದು ಪೂರ್ತಿ ಮುಚ್ಚಿಲ್ಲ ಎಂಬುದಕ್ಕೂ ಅವರ ಕಥೆ ಸಾಕ್ಷಿ.

ಪ್ರಶ್ನೆ: ಒಂದು ಸ್ನ್ಯಾಪ್ ಕೆಟ್ಟರೆ ಇಡೀ ವೃತ್ತಿಜೀವನಕ್ಕೇ ಕಪ್ಪು ಮಸಿ ಬಳಿಯುತ್ತಾರೆ ಎಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ದುರದೃಷ್ಟವಶಾತ್ ನಿಜ, ಮತ್ತು ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಟ್ರೇ ಜಂಕಿನ್ 19 ಋತುಗಳನ್ನು ಆಡಿ ನಿವೃತ್ತರಾಗಿದ್ದವರು. ಅವರಿಗೆ 41 ವರ್ಷವಾಗಿದ್ದಾಗ ನ್ಯೂಯಾರ್ಕ್ ಜೈಂಟ್ಸ್ ಪ್ಲೇಆಫ್ (ಸೋತವರು ಹೊರಬೀಳುವ ಹಂತದ) ಪಂದ್ಯಕ್ಕೆ ಸ್ನ್ಯಾಪರ್ ಇಲ್ಲದೆ ಅವರನ್ನು ಅದೇ ವಾರ ಕರೆಸಿಕೊಂಡಿತು. 2003ರ ಜನವರಿ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಆ ಪಂದ್ಯದಲ್ಲಿ ಜೈಂಟ್ಸ್ ಒಂದು ಹಂತದಲ್ಲಿ 38-14ರಿಂದ ಮುಂದಿತ್ತು. ಆಮೇಲೆ ಆ ಮುನ್ನಡೆಯೆಲ್ಲ ಕರಗಿ, ಕೊನೆಯ ಆರು ಸೆಕೆಂಡು ಉಳಿದಾಗ 39-38ರಿಂದ ಹಿಂದೆ ಬಿದ್ದಿತ್ತು. 41 ಗಜದ ಫೀಲ್ಡ್ ಗೋಲ್‌ಗಾಗಿ ಜಂಕಿನ್ ಕೊಟ್ಟ ಚೆಂಡು ಕೆಳಮಟ್ಟದಲ್ಲಿ ಹೋಯಿತು, ಒದೆಯುವುದೇ ಆಗಲಿಲ್ಲ. ಹೋಲ್ಡರ್ ಗಡಿಬಿಡಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆದರೂ ಫಲ ಸಿಗದೆ ಪಂದ್ಯ ಮುಗಿಯಿತು. ಆ ಎಸೆತದ ವೇಳೆ ಎದುರಾಳಿಯ ತಪ್ಪನ್ನು ಅಂಪೈರುಗಳು ಗುರುತಿಸಬೇಕಿತ್ತು ಎಂದು ಮರುದಿನ ಲೀಗ್ ಒಪ್ಪಿಕೊಂಡಿತು, ಆದರೆ ಫಲಿತಾಂಶ ಬದಲಾಗಲಿಲ್ಲ. 24 ಅಂಕಗಳ ಮುನ್ನಡೆಯನ್ನು ಕಳೆದದ್ದು ಇಡೀ ತಂಡ. ಹಾಗಿದ್ದೂ ಜನರಿಗೆ ನೆನಪಿರುವುದು ಜಂಕಿನ್ ಹೆಸರು. ಹೊಸ ಹೋಲ್ಡರ್ ಜೊತೆ ಕೆಲವೇ ದಿನ ಅಭ್ಯಾಸ ಮಾಡಿ ಬಂದವರು ಅವರು ಎಂಬುದನ್ನು, ಮೇಲೆ ಹೇಳಿದ ಅಂಗುಲಗಳ ಲೆಕ್ಕದ ಜೊತೆಗಿಟ್ಟು ನೋಡಬೇಕು.

ಪ್ರಶ್ನೆ: ಇಂಥ ಆಟಗಾರರಿಗೆ ತಂಡಗಳು ನಿಜವಾಗಿ ಬೆಲೆ ಕೊಡುತ್ತವೆಯೇ, ಅಥವಾ ಬದಲಿಸಬಹುದಾದ ಬಿಡಿಭಾಗದಂತೆ ನೋಡುತ್ತವೆಯೇ?

ಉತ್ತರ: ಎರಡೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ನಡೆದದ್ದುಂಟು. ಜಾನ್ ಡೊರೆನ್‌ಬಾಸ್ 2006ರಿಂದ ಫಿಲಡೆಲ್ಫಿಯಾ ಈಗಲ್ಸ್ ಪರ ಸತತ 162 ಪಂದ್ಯಗಳನ್ನು ಆಡಿದವರು, ಜೊತೆಗೆ ನುರಿತ ಜಾದೂಗಾರರು. ಅಷ್ಟು ಕಾಲದ ಸೇವೆಯ ಬಳಿಕ 2017ರ ಆಗಸ್ಟ್‌ನಲ್ಲಿ ತಂಡ ಅವರನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿ ನಡೆದ ವೈದ್ಯಕೀಯ ತಪಾಸಣೆಯಲ್ಲಿ ಹೃದಯದಿಂದ ಹೊರಡುವ ಮಹಾಪಧಮನಿ ಅಪಾಯಕಾರಿಯಾಗಿ ಉಬ್ಬಿರುವುದು ಕಂಡುಬಂದು, ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ವೃತ್ತಿ ಅಲ್ಲಿಗೇ ನಿಂತಿತು, ಆದರೆ ಆ ವರ್ಗಾವಣೆ ಆಗದಿದ್ದರೆ ಕಾಯಿಲೆ ಬಯಲಾಗದೆ ಅವರು ಮತ್ತೊಂದು ಋತುವಿಗೆ ಮೈದಾನಕ್ಕಿಳಿಯುತ್ತಿದ್ದರೇನೋ. ಅದೇ ಋತುವಿನ ಕೊನೆಗೆ, 2018ರ ಫೆಬ್ರವರಿಯಲ್ಲಿ, ಈಗಲ್ಸ್ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮೊದಲ ಬಾರಿಗೆ ಗೆದ್ದಿತು. ಆ ಋತುವಿನ ಲೀಗ್ ಪಂದ್ಯಗಳಲ್ಲಿ ಒಂದೇ ಒಂದು ಚೆಂಡನ್ನೂ ಸ್ನ್ಯಾಪ್ ಮಾಡಿರದ ಡೊರೆನ್‌ಬಾಸ್‌ಗೂ ತಂಡ ವಿಜಯದ ಉಂಗುರ ಮಾಡಿಸಿ ಕೊಟ್ಟಿತು.