ಪ್ರತಿಕ್ರಿಯೆ: ಲೆಡ್ ಸಲ್ಫೈಡ್ ಡಿಟೆಕ್ಟರ್ ರೀಡಿಂಗ್ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು
ಬಲ್ಬಿನ ಬೆಳಕು ಅಳೆಯುವ ನಿಮ್ಮ ಲೆಡ್ ಸಲ್ಫೈಡ್ ಡಿಟೆಕ್ಟರ್ (ಇನ್‌ಫ್ರಾರೆಡ್ ಬೆಳಕು ಬಿದ್ದಾಗ ರೆಸಿಸ್ಟೆನ್ಸ್ ಇಳಿಯುವ ಸೆನ್ಸರ್) ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ರೀಡಿಂಗ್ ಕೊಡುತ್ತಿದೆ ಅಂದಿದ್ದೀರಿ. ಅದು ಕೆಟ್ಟಿರಲಿಕ್ಕಿಲ್ಲ. ಲೆಡ್ ಸಲ್ಫೈಡ್‌ನ ಡಾರ್ಕ್ ರೆಸಿಸ್ಟೆನ್ಸ್ (ಬೆಳಕಿಲ್ಲದಾಗಿನ ರೆಸಿಸ್ಟೆನ್ಸ್) ಕೋಣೆಯ ತಾಪಮಾನದ ಜೊತೆ ಸರಿಯುತ್ತೆ. ನೀವು ಮಲ್ಟಿಮೀಟರ್‌ನಲ್ಲಿ ಡಿಸಿ ಓದುತ್ತಿರುವುದರಿಂದ ಆ ಸರಿದಾಟವೇ ಸಿಗ್ನಲ್ ಥರ ಕಾಣುತ್ತಿದೆ. ಬೆಳಕನ್ನು ಚಾಪ್ ಮಾಡಿ (ಒಂದೇ ವೇಗದಲ್ಲಿ ತಡೆದು ಬಿಟ್ಟು) ಎಸಿ ಭಾಗವನ್ನಷ್ಟೇ ಅಳೆಯಿರಿ.

ಮೊದಲು ಡಿಟೆಕ್ಟರ್ ಮುಚ್ಚಿ ರೆಸಿಸ್ಟೆನ್ಸ್ ನೋಡಿ. ಡಿಟೆಕ್ಟರ್ ಜೊತೆ ಸರಣಿಯಲ್ಲಿ ಹಾಕುವ ಲೋಡ್ ರೆಸಿಸ್ಟರ್ ಹೆಚ್ಚುಕಮ್ಮಿ ಅಷ್ಟೇ ಇರಲಿ. ಬಯಾಸ್‌ಗೂ (ಡಿಟೆಕ್ಟರಿಗೆ ಕೊಡುವ ವೋಲ್ಟೇಜ್) ಬಲ್ಬಿಗೂ ಬ್ಯಾಟರಿಯೇ ಹಾಕಿ, ಮೇನ್ಸ್‌ನಲ್ಲಿ ಬಲ್ಬ್ ಉರಿಸಿದರೆ 100 ಹರ್ಟ್ಜ್ ಮಿನುಗು ತಪ್ಪಿದ್ದಲ್ಲ. ಕಾಲೇಜಿನಲ್ಲಿ ಚಾಪರ್ ಇಲ್ಲ ಅಂದಿದ್ದೀರಿ: ಡಿಸಿ ಮೋಟಾರಿಗೆ 10 ಸೀಳಿನ ಕಪ್ಪು ರಟ್ಟಿನ ತಟ್ಟೆ ಸಿಕ್ಕಿಸಿ, ನಿಮಿಷಕ್ಕೆ 2250 ಸುತ್ತು ತಿರುಗಿಸಿದರೆ 375 ಹರ್ಟ್ಜ್. ಮೇನ್ಸ್‌ನ 50 ಹರ್ಟ್ಜ್‌ನ ಗುಣಕಗಳಾದ 350, 400 ಎರಡಕ್ಕೂ ನಡುವೆ ಇರುವುದರಿಂದ ಮೇನ್ಸ್ ಗದ್ದಲ ಅಷ್ಟಾಗಿ ಕಾಡದು. ಇನ್ನೂ ಬಹಳ ಮೇಲೆ ಹೋಗಬೇಡಿ. ಈ ಡಿಟೆಕ್ಟರ್ ನಿಧಾನ, ಸಿಗ್ನಲ್ ಕುಗ್ಗುತ್ತೆ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಟಿಎಲ್072ಕ್ಕೆ (ಸಿಗ್ನಲ್ ಹಿಗ್ಗಿಸುವ ಆಪ್-ಆಂಪ್ ಚಿಪ್) ಕೊಡಿ, ಅದರ ಇನ್‌ಪುಟ್‌ನಿಂದ ಗ್ರೌಂಡ್‌ಗೆ 10 ಮೆಗಾಓಮ್ ಹಾಕುವುದನ್ನು ಮರೆಯಬೇಡಿ.

ಹಾಸನದ ಆಷಾಢದ ಥಂಡಿಗೆ ಬೋರ್ಡ್ ಮೇಲೆ ತೇವ ಕೂತು ಕರೆಂಟ್ ಲೀಕೇಜ್ ಆಗಿರಲೂಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ.

ಇಷ್ಟಾದ ಮೇಲೆ ಬಲ್ಬಿಗೆ ರಟ್ಟು ಅಡ್ಡ ಹಿಡಿಯಿರಿ. 375 ಹರ್ಟ್ಜ್ ಸಿಗ್ನಲ್ ಆಗಲೂ ಇಳಿಯದಿದ್ದರೆ ಅದು ಬೆಳಕಿನದ್ದಲ್ಲ, ಮೋಟಾರಿನ ಗದ್ದಲ. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು ದೂರ ಇಡಿ.