ಯಾವ ತಂಡಕ್ಕೆ ಜೈ ಎನ್ನೋಣ?

ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ರೀಡೆ

ಪ್ರಶ್ನೆ: ನನ್ನ ಊರು ಬದಿಯಡ್ಕದ ಬಳಿ. ಮನೆಮಾತು ಕನ್ನಡ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ಕಣ್ಣೆತ್ತಿ ನೋಡಿದವನಲ್ಲ. ಕಾಸರಗೋಡಿನ ಕಾಲೇಜಿಗೆ ಸೇರಿದ ಮೇಲೆ ಫುಟ್‌ಬಾಲಿನ ಹುಚ್ಚು ಹಿಡಿದಿದೆ. ಗೆಳೆಯರೆಲ್ಲ ಕೇರಳ ಬ್ಲಾಸ್ಟರ್ಸ್ ತಂಡದ ಅಭಿಮಾನಿಗಳು. ಅವರ ಜೊತೆ ಪಂದ್ಯ ನೋಡುವಾಗ ನನಗೂ ಹಳದಿ ಅಂಗಿಯವರೇ ಗೆಲ್ಲಲಿ ಎನಿಸುತ್ತದೆ. ಆದರೆ ಬೆಂಗಳೂರಿನಲ್ಲಿರುವ ನನ್ನ ಭಾವ, 'ಕನ್ನಡದವನಾಗಿ ಬೆಂಗಳೂರು ಎಫ್‌ಸಿಯನ್ನು ಬಿಟ್ಟು ಕೇರಳದವರಿಗೆ ಜೈ ಅನ್ನುತ್ತೀಯಾ?' ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಯಾರನ್ನು ಬೆಂಬಲಿಸಬೇಕು?
– ಪದವಿ ವಿದ್ಯಾರ್ಥಿ, ಬದಿಯಡ್ಕ

ಉತ್ತರ: ನಿಮ್ಮ ಭಾವನ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ, ಮೊದಲು ಅವನ್ನು ಬಿಡಿಸಿ ನೋಡಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡಿಗರು ಕೇಳುತ್ತ ಬಂದಿರುವುದು ಕನ್ನಡ ಬಲ್ಲ ಅಧ್ಯಾಪಕರನ್ನು, ಕನ್ನಡದ ಪ್ರಶ್ನೆಪತ್ರಿಕೆಗಳನ್ನು, ಸರಕಾರಿ ಕಚೇರಿಗಳಲ್ಲಿ ಕನ್ನಡದ ಅರ್ಜಿ ನಮೂನೆಗಳನ್ನು. ಅದು ನ್ಯಾಯವಾದ ಬೇಡಿಕೆ, ಅದಕ್ಕಾಗಿ ಎಷ್ಟು ಗಟ್ಟಿಯಾಗಿ ದನಿ ಎತ್ತಿದರೂ ಕಡಿಮೆಯೇ. ಆದರೆ ಆ ಹೊಣೆಯನ್ನು ಒಂದು ಫುಟ್‌ಬಾಲ್ ಕ್ಲಬ್ಬಿನ ಮೇಲೆ ಹೊರಿಸಿದರೆ ಭಾಷೆಗೂ ಪ್ರಯೋಜನವಿಲ್ಲ, ಆಟವನ್ನು ನೋಡುವ ಸಂತೋಷವೂ ಉಳಿಯುವುದಿಲ್ಲ.

ಬೆಂಗಳೂರು ಎಫ್‌ಸಿ 2013ರಲ್ಲಿ ಜೆಎಸ್‌ಡಬ್ಲ್ಯೂ ಸಮೂಹ ಕಟ್ಟಿದ ಕ್ಲಬ್. ಕೇರಳ ಬ್ಲಾಸ್ಟರ್ಸ್ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಆರಂಭವಾದಾಗ ಹುಟ್ಟಿದ್ದು. ಆಗ ಅದರ ಮಾಲೀಕರಲ್ಲಿ ಒಬ್ಬರಾಗಿದ್ದ ಸಚಿನ್ ತೆಂಡೂಲ್ಕರ್ 2018ರಲ್ಲಿ ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಎರಡೂ ಖಾಸಗಿ ಬಂಡವಾಳದ ಕ್ಲಬ್ಬುಗಳೇ ಹೊರತು ಕರ್ನಾಟಕ, ಕೇರಳಗಳ ಪ್ರತಿನಿಧಿಗಳಲ್ಲ. ರಾಜ್ಯದ ತಂಡ ಬೇಕಿದ್ದರೆ 1941ರಿಂದ ನಡೆದು ಬಂದಿರುವ ಸಂತೋಷ್ ಟ್ರೋಫಿಯನ್ನು ನೋಡಬೇಕು. 2022ರಲ್ಲಿ ಮಂಜೇರಿಯಲ್ಲಿ ಕೇರಳವು ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು 7-3ರಿಂದ ಮಣಿಸಿ ಏಳನೆಯ ಬಾರಿ ಪ್ರಶಸ್ತಿ ಗೆದ್ದಿತು. ಬದಲಿ ಆಟಗಾರನಾಗಿ ಇಳಿದ ಕೇರಳದ ಜೆಸಿನ್ ಆ ಸೆಮಿಫೈನಲ್‌ನಲ್ಲಿ ಐದು ಗೋಲು ಹೊಡೆದರು. ಮರುವರ್ಷವೇ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ಕಾಲದ ನಂತರ ಮೊದಲ ಬಾರಿ, 54 ವರ್ಷಗಳ ಕಾಯುವಿಕೆಯ ಮೇಲೆ, ಆ ಟ್ರೋಫಿಯನ್ನು ಎತ್ತಿತು. ನಿಮ್ಮ ಭಾವನಿಗೆ ಕರ್ನಾಟಕದ ಅಭಿಮಾನ ಇದ್ದರೆ ಆ ಗೆಲುವನ್ನು ಅವರು ಎಷ್ಟು ಸಂಭ್ರಮಿಸಿದರು ಎಂದು ನೀವೂ ಪ್ರೀತಿಯಿಂದ ಕೇಳಬಹುದು.

ಇನ್ನು ಆಟಗಾರರ ವಿಷಯ. ನಮ್ಮ ಜಿಲ್ಲೆಯ ತೃಕ್ಕರಿಪುರದ ಮಹಮ್ಮದ್ ರಾಫಿಯವರನ್ನೇ ನೋಡಿ. 2014ರ ಮೊದಲ ಸೀಸನ್‌ನಲ್ಲಿ ಅವರು ಕೋಲ್ಕತ್ತಾದ ತಂಡದಲ್ಲಿದ್ದರು. ಆ ತಂಡ ಫೈನಲ್‌ನಲ್ಲಿ ಸೋಲಿಸಿದ್ದು ಬ್ಲಾಸ್ಟರ್ಸ್ ತಂಡವನ್ನು. ಎರಡು ವರ್ಷಗಳ ನಂತರ ಕೊಚ್ಚಿಯ ಫೈನಲ್‌ನಲ್ಲಿ ಅದೇ ರಾಫಿ ಹಳದಿ ಅಂಗಿ ತೊಟ್ಟು, ಹಳೆಯ ತಂಡದ ವಿರುದ್ಧ ತಲೆಯಿಂದ ಗೋಲು ಹೊಡೆದು ಬ್ಲಾಸ್ಟರ್ಸ್‌ಗೆ ಮುನ್ನಡೆ ತಂದುಕೊಟ್ಟರು. ಕೊನೆಗೆ ಪೆನಾಲ್ಟಿಗಳಲ್ಲಿ ಕೋಲ್ಕತ್ತಾವೇ ಗೆದ್ದಿತು. ಕಣ್ಣೂರು ಜಿಲ್ಲೆಯ ಸಿ.ಕೆ. ವಿನೀತ್ ಬ್ಲಾಸ್ಟರ್ಸ್‌ನ ಕಣ್ಮಣಿಯಾಗಿದ್ದರು, ನಿಜ. ಆದರೆ 2017ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಎರಡೂ ಗೋಲು ಹೊಡೆದು ಬೆಂಗಳೂರಿಗೆ ಕಪ್ ಗೆದ್ದುಕೊಟ್ಟವರೂ ಅವರೇ. ಆಡುವವರಿಗೇ ಇಲ್ಲದ ಗಡಿಯನ್ನು ನೋಡುವವರ ಮೇಲೆ ಹಾಕುವುದು ಸರಿಯಲ್ಲ.

ಎರಡು ತಂಡಗಳ ನಡುವಿನ ಹಗೆತನ ಮಾತ್ರ ನಿಜವಾದದ್ದು. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಚೆಂಡಿಗೆ ಅಡ್ಡವಾಗಿ ಸಾಲುಗಟ್ಟಿ ನಿಲ್ಲುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ರೆಫರಿ ಅದನ್ನು ಒಪ್ಪಿಕೊಂಡರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೋವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡರು, ಪಂದ್ಯ ಅಲ್ಲಿಗೇ ನಿಂತಿತು. ಬಳಿಕ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡವೂ ಕೋಚ್‌ಗೆ 10 ಪಂದ್ಯಗಳ ನಿಷೇಧವೂ ಬಿದ್ದವು. ಗೋಲು ನಿಯಮಬದ್ಧವೇ ಎಂದು ನಿಮ್ಮ ಗೆಳೆಯರು ಇಂದಿಗೂ ವಾದ ಮಾಡುತ್ತಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ವರ್ಷ ಜುಲೈ 4ರಂದು, ಅದೇ ಕಂಠೀರವದಲ್ಲಿ, ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರತ ಕುವೈತ್‌ಗಿಂತ ಒಂದು ಗೋಲು ಹಿಂದಿದ್ದಾಗ, ಬೆಂಗಳೂರಿನ ನಾಯಕ ಛೆಟ್ರಿ ಒದಗಿಸಿದ ಚೆಂಡನ್ನು ಬ್ಲಾಸ್ಟರ್ಸ್‌ನ ಸಹಲ್ ಅಬ್ದುಲ್ ಸಮದ್ ಗೋಲಿನ ಎದುರಿಗೆ ತಳ್ಳಿದರು, ಛಾಂಗ್ಟೆ ಅದನ್ನು ಬಲೆಗೆ ಸೇರಿಸಿದರು. ಪೆನಾಲ್ಟಿಗಳಲ್ಲಿ ಭಾರತ ಗೆದ್ದಿತು. ಕಣ್ಣೂರು ಮೂಲದ ಸಹಲ್‌ಗೆ ಅಂದು ಚಪ್ಪಾಳೆ ತಟ್ಟಿದ ಗ್ಯಾಲರಿ ಬೆಂಗಳೂರಿನದು.

ಹಾಗಾದರೆ ಆಯ್ಕೆ ಹೇಗೆ? ಗೆಲುವಿನ ಲೆಕ್ಕ ಹಿಡಿದರೆ ಬೆಂಗಳೂರೇ ಮುಂದೆ: 2014 ಮತ್ತು 2016ರಲ್ಲಿ ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗ್, 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡ್ಯುರಾಂಡ್ ಕಪ್, ಅಷ್ಟೇ ಅಲ್ಲ, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಪಂದ್ಯಾವಳಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಗೌರವ. ಬ್ಲಾಸ್ಟರ್ಸ್ 2014, 2016, 2022ರಲ್ಲಿ ಮೂರು ಐಎಸ್‌ಎಲ್ ಫೈನಲ್ ಆಡಿ ಮೂರನ್ನೂ ಸೋತಿದೆ. ದೂರದ ಲೆಕ್ಕ ಹಿಡಿದರೆ ಕಾಸರಗೋಡಿನಿಂದ ಕೊಚ್ಚಿಯೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಈ ಎರಡೂ ಲೆಕ್ಕಗಳನ್ನು ಬದಿಗಿಟ್ಟು, ನೀವು ಪಂದ್ಯ ನೋಡುವುದು ಯಾರ ಜೊತೆ ಎಂಬುದನ್ನು ನಾನು ಮುಖ್ಯವಾಗಿ ಪರಿಗಣಿಸುತ್ತೇನೆ. ಫುಟ್‌ಬಾಲಿನಲ್ಲಿ ತೊಂಬತ್ತು ನಿಮಿಷದಲ್ಲಿ ಒಂದೂ ಗೋಲು ಬಾರದಿರಬಹುದು. ಆ ಹೊತ್ತನ್ನು ತುಂಬುವುದು ಪಕ್ಕದಲ್ಲಿ ಕುಳಿತವರ ಮಾತು, ಬೈಗುಳ, ನಿಟ್ಟುಸಿರು. ಒಂಟಿಯಾಗಿ ಫೋನಿನ ಪರದೆಯಲ್ಲಿ ಬೆಂಬಲಿಸುವ ತಂಡದ ಮೇಲಿನ ಪ್ರೀತಿ ಎರಡು ಸೋಲುಗಳಾಚೆ ಉಳಿಯುವುದು ಕಷ್ಟ.

ನಿಮ್ಮ ಮನಸ್ಸು ಈಗಾಗಲೇ ಹಳದಿಯ ಕಡೆಗಿದೆ, ಜೊತೆಗಾರರೂ ಅಲ್ಲೇ ಇದ್ದಾರೆ. ಬ್ಲಾಸ್ಟರ್ಸ್ ತಂಡವನ್ನೇ ಆರಿಸಿಕೊಳ್ಳಿ, ಕನ್ನಡಿಗನಾಗಿಯೇ ಆರಿಸಿಕೊಳ್ಳಿ. ಭಾವನೊಡನೆ ಜಗಳ ಬೇಡ. ಮುಂದೆ ಬ್ಲಾಸ್ಟರ್ಸ್ ಕಂಠೀರವಕ್ಕೆ ಬಂದಾಗ ಅವರ ಮನೆಯಲ್ಲೇ ಉಳಿದು, ಅವರು ನೀಲಿ ಅಂಗಿ, ನೀವು ಹಳದಿ ಅಂಗಿ ತೊಟ್ಟು ಒಟ್ಟಿಗೆ ಹೊರಡಿ. ಗ್ಯಾಲರಿ ಮಾತ್ರ ಬೇರೆ ಬೇರೆ ಇರಲಿ, ಅದು ಇಬ್ಬರಿಗೂ ಒಳ್ಳೆಯದು.

ಇದರ ಜೊತೆಗೆ ಒಂದು ಒತ್ತಾಯ. ಟಿವಿಯ ತಂಡವನ್ನು ಆರಿಸಿಕೊಂಡವರು ಊರಿನ ಮೈದಾನವನ್ನು ಮರೆಯಬಾರದು. ಮಳೆಗಾಲ ಮುಗಿದ ಮೇಲೆ ಮಲಬಾರಿನ ಉದ್ದಕ್ಕೂ ಸೆವೆನ್ಸ್ ಪಂದ್ಯಾವಳಿಗಳು ಶುರುವಾಗುತ್ತವೆ. ಒಂದೊಂದು ತಂಡಕ್ಕೆ ಏಳೇ ಜನ, ಚಿಕ್ಕ ಮೈದಾನ, ಸುತ್ತ ಮರದ ಹಲಗೆಗಳ ತಾತ್ಕಾಲಿಕ ಗ್ಯಾಲರಿ, ಮೈಕಿನಲ್ಲಿ ಉಸಿರು ಬಿಡದ ವೀಕ್ಷಕ ವಿವರಣೆ. ಮುಂದಿನ ಸಾಲಿನಲ್ಲಿ ಕುಳಿತರೆ ಚೆಂಡು ಎದೆಗೆ ಬಡಿದ ಸದ್ದು ಕೇಳಿಸುತ್ತದೆ, ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ತಿಳಿಯುತ್ತದೆ, ಕಾಲೆತ್ತುವ ಮೊದಲೇ ಡಿಫೆಂಡರ್‌ನ ಕಣ್ಣು ಎತ್ತ ಹೊರಳಿತೆಂದು ಕಾಣುತ್ತದೆ. ಟಿವಿಯ ಕ್ಯಾಮೆರಾ ತೋರಿಸದ ಇದನ್ನು ಒಮ್ಮೆ ಹತ್ತಿರದಿಂದ ಕಂಡವರಿಗೆ ದೊಡ್ಡ ಪಂದ್ಯಗಳೂ ಬೇರೆ ರೀತಿಯಲ್ಲಿ ಅರ್ಥವಾಗುತ್ತವೆ. 2024ರಲ್ಲಿ ಆರು ತಂಡಗಳೊಂದಿಗೆ ಆರಂಭವಾದ ಸೂಪರ್ ಲೀಗ್ ಕೇರಳದ ಕಣ್ಣೂರು ವಾರಿಯರ್ಸ್ ತಂಡವೂ ನಿಮ್ಮ ಗಮನದಲ್ಲಿರಲಿ. ನಿಮ್ಮ ಜಿಲ್ಲೆಗೆ ಅದಕ್ಕಿಂತ ಹತ್ತಿರದ ತಂಡ ಆ ಲೀಗಿನಲ್ಲಿಲ್ಲ.

ಪ್ರಶ್ನೆ: ಯುರೋಪಿನ ಕ್ಲಬ್ಬುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದಿದ್ದೇನೆ. ಸದಾ ಗೆಲ್ಲುವ ತಂಡವನ್ನು ಹಿಡಿಯುವುದು ನ್ಯಾಯವೇ? ಬೆಳಗ್ಗೆ ಐದಕ್ಕೆ ತೋಟದ ಕೆಲಸಕ್ಕೆ ಏಳಬೇಕಾದವನಿಗೆ ಯಾವ ಲೀಗ್ ಅನುಕೂಲ?
– ಕೃಷಿಕ, ಮುಳ್ಳೇರಿಯ

ಉತ್ತರ: ಸಮಯದ ಮಾತನ್ನು ಮೊದಲು ಮುಗಿಸೋಣ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನಿಮಗೆ ಅನುಕೂಲ. ಅಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪಂದ್ಯ ನಮಗೆ ಬೇಸಗೆಯಲ್ಲಿ ಸಂಜೆ 7.30ಕ್ಕೆ, ಚಳಿಗಾಲದಲ್ಲಿ 8.30ಕ್ಕೆ ಸಿಗುತ್ತದೆ. ಚಾಂಪಿಯನ್ಸ್ ಲೀಗಿನ ಬಹುತೇಕ ಪಂದ್ಯಗಳು ನಮ್ಮಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಆರಂಭವಾಗುತ್ತವೆ. ಅವುಗಳ ಹಿಂದೆ ಬಿದ್ದರೆ ನಿಮ್ಮ ತೋಟ ಸೊರಗುತ್ತದೆ.

ಗೆಲ್ಲುವ ತಂಡವನ್ನು ಆರಿಸಿಕೊಳ್ಳುವುದರಲ್ಲಿ ಅನ್ಯಾಯವೇನೂ ಇಲ್ಲ, ಆದರೆ ಗೆಲುವು ಶಾಶ್ವತವೆಂದು ನಂಬಬೇಡಿ. 1990ರಲ್ಲಿ ಚಾಂಪಿಯನ್ ಆದ ಲಿವರ್‌ಪೂಲ್‌ಗೆ ಮತ್ತೆ ಆ ಪಟ್ಟ ಸಿಕ್ಕಿದ್ದು 2020ರಲ್ಲಿ. ಮ್ಯಾಂಚೆಸ್ಟರ್ ಸಿಟಿ 1998-99ರಲ್ಲಿ ಮೂರನೆಯ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. 2016ರಲ್ಲಿ ಎಲ್ಲರ ಊಹೆಯನ್ನೂ ಮೀರಿ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್ ಸಿಟಿ 2023ರಲ್ಲಿ ಕೆಳಗಿನ ದರ್ಜೆಗೆ ಜಾರಿತು. ಇಪ್ಪತ್ತು ತಂಡಗಳಲ್ಲಿ ಕೊನೆಯ ಮೂರು ಪ್ರತಿ ವರ್ಷವೂ ಕೆಳಗಿಳಿಯಬೇಕೆಂಬ ನಿಯಮವಿರುವುದರಿಂದ ಅಲ್ಲಿ ಪಟ್ಟಿಯ ತಳದಲ್ಲಿರುವ ತಂಡಗಳ ಕೊನೆಯ ಪಂದ್ಯಗಳಿಗೂ ಜೀವವಿರುತ್ತದೆ. ಆದ್ದರಿಂದ ಒಂದು ಸೀಸನ್ ಯಾರ ಪಕ್ಷವನ್ನೂ ಹಿಡಿಯದೆ ನೋಡಿ. ಯಾವ ತಂಡ ಹಿಂದೆ ಬಿದ್ದಾಗಲೂ ನೀವು ಟಿವಿ ಆರಿಸದೆ ಕುಳಿತಿರುತ್ತೀರೋ ಅದನ್ನು ಇಟ್ಟುಕೊಳ್ಳಿ.

ರಾತ್ರಿ ನಿದ್ದೆಗೆಡಲು ಸಿದ್ಧರಿದ್ದರೆ ಮಾತ್ರ ಇನ್ನೊಂದು ಹೆಸರು ಹೇಳುತ್ತೇನೆ: ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ. ಬಾಸ್ಕ್ ನಾಡು ಸ್ಪೇನ್ ಮತ್ತು ಫ್ರಾನ್ಸ್‌ಗಳ ನಡುವೆ ಹಂಚಿಹೋಗಿದೆ, ಅದಕ್ಕೆ ತನ್ನದೇ ಭಾಷೆ ಇದೆ. ಆ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲಿ ಆಟ ಕಲಿತವರನ್ನಷ್ಟೇ ಈ ಕ್ಲಬ್ ಆಡಿಸುತ್ತದೆ. ಗಡಿಯಾಚೆ ಫ್ರಾನ್ಸಿನ ಬಾಸ್ಕ್ ಊರಿನಲ್ಲಿ ಹುಟ್ಟಿ, ಮುಂದೆ 1998ರಲ್ಲಿ ಫ್ರಾನ್ಸ್ ಪರ ವಿಶ್ವಕಪ್ ಗೆದ್ದ ಲಿಜರಾಜು ಕೂಡ ಈ ತಂಡದಲ್ಲಿ ಆಡಿದವರು. ಇಂಥ ಕಟ್ಟುಪಾಡು ಇಟ್ಟುಕೊಂಡೂ ಅದು 1929ರಲ್ಲಿ ಸ್ಪ್ಯಾನಿಷ್ ಲೀಗ್ ಶುರುವಾದಂದಿನಿಂದ ಒಮ್ಮೆಯೂ ಮೇಲಿನ ದರ್ಜೆಯಿಂದ ಕೆಳಗಿಳಿದಿಲ್ಲ. ಆ ದಾಖಲೆ ಅದನ್ನು ಬಿಟ್ಟರೆ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾಗಳಿಗೆ ಮಾತ್ರ ಇದೆ. ಗಡಿನಾಡಿನ ಓದುಗರಿಗೆ ಈ ತಂಡದ ಕಥೆ ಮನಸ್ಸಿಗೆ ಹತ್ತಿರವಾದೀತು ಎಂದು ನನ್ನ ನಂಬಿಕೆ.

ಪ್ರಶ್ನೆ: ವಿಶ್ವಕಪ್ ಬಂದರೆ ನಮ್ಮೂರಿನ ರಸ್ತೆಗಳ ತುಂಬ ಅರ್ಜೆಂಟೀನಾ, ಬ್ರೆಜಿಲ್ ಬಾವುಟಗಳು. ಭಾರತದ ತಂಡದ ಆಟಗಾರರ ಹೆಸರು ಕೇಳಿದರೆ ಹುಡುಗರು ಮೂರು ಹೇಳಲಾರರು. ಇದು ಸರಿಯೇ?
– ನಿವೃತ್ತ ಅಧ್ಯಾಪಕ, ಮಂಜೇಶ್ವರ

ಉತ್ತರ: ಬಾವುಟಗಳ ಬಗ್ಗೆ ನನಗೆ ತಕರಾರಿಲ್ಲ, ಮಾಸ್ತರರೇ. ಭಾರತ ಈವರೆಗೆ ಒಂದು ವಿಶ್ವಕಪ್‌ನಲ್ಲೂ ಆಡಿಲ್ಲ. 1950ರಲ್ಲಿ ಅವಕಾಶ ಸಿಕ್ಕಿಯೂ ತಂಡ ಹೋಗಲಿಲ್ಲ. ಆ ಒಂದು ತಿಂಗಳು ಆಟವನ್ನು ಪ್ರೀತಿಸುವ ಹುಡುಗರು ಯಾರನ್ನಾದರೂ ತಮ್ಮವರೆಂದು ಹಿಡಿದುಕೊಳ್ಳಲೇಬೇಕು. ಮರಡೋನಾ 1986ರಲ್ಲಿ ಆಡಿದ್ದನ್ನು ಟಿವಿಯಲ್ಲಿ ಕಂಡವರ ಮಕ್ಕಳು 2022ರಲ್ಲಿ ಮೆಸ್ಸಿ ಕಪ್ ಎತ್ತಿದ್ದನ್ನು ಕಂಡರು. ಅದೊಂದು ಮನೆತನದ ಬಳುವಳಿಯಂತೆ ಬಂದಿದೆ.

ಆದರೆ ನಿಮ್ಮ ಎರಡನೆಯ ಮಾತು ನನಗೂ ನೋವು ಕೊಡುತ್ತದೆ. ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ದೇಶ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿದ ದೇಶ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಇದು ಪಾಠ ಹೇಳುವವರಿಗೂ ಮರೆತುಹೋಗಿದೆ. 2018ರ ಜೂನ್‌ನಲ್ಲಿ ಮುಂಬೈಯ ಪಂದ್ಯಕ್ಕೆ ಎರಡೂವರೆ ಸಾವಿರದಷ್ಟು ಜನ ಮಾತ್ರ ಬಂದಾಗ ಛೆಟ್ರಿ ವಿಡಿಯೊ ಮಾಡಿ, ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬನ್ನಿ ಎಂದು ಕೈಮುಗಿದು ಕೇಳಿಕೊಂಡರು. ಮುಂದಿನ ಪಂದ್ಯ, ಅವರ ನೂರನೆಯದು, ತುಂಬಿದ ಗ್ಯಾಲರಿಯ ಎದುರು ನಡೆಯಿತು. ಅವರು ಎರಡು ಗೋಲು ಹೊಡೆದರು. ನಾಯಕನೊಬ್ಬ ಹಾಗೆ ಬೇಡಬೇಕಾಗಿ ಬಂದದ್ದು ನಮಗೆಲ್ಲ ತಟ್ಟಬೇಕಾದ ಸಂಗತಿ. ನಿಮ್ಮೂರಿನ ಕ್ಲಬ್ಬಿನ ಹುಡುಗರು ವಿಶ್ವಕಪ್‌ಗೆ ದೊಡ್ಡ ಪರದೆ ಕಟ್ಟುವವರಾದರೆ, ಭಾರತದ ಪಂದ್ಯವಿದ್ದ ದಿನವೂ ಅದೇ ಪರದೆ ಕಟ್ಟುವಂತೆ ಅವರನ್ನು ಕೇಳಿ. ಮಾಸ್ತರರ ಮಾತನ್ನು ಅವರು ತೆಗೆದುಹಾಕಲಾರರು.

ಪ್ರಶ್ನೆ: ಐದನೆಯ ತರಗತಿಯ ನನ್ನ ಮಗ ಯಾವ ತಂಡ ಗೆದ್ದರೆ ಆ ತಂಡದ ಜೆರ್ಸಿ ಬೇಕೆಂದು ಹಟ ಹಿಡಿಯುತ್ತಾನೆ. ಅವನಿಗೆ ನಿಷ್ಠೆ ಕಲಿಸುವುದು ಹೇಗೆ?
– ಗೃಹಿಣಿ, ಕುಂಬಳೆ

ಉತ್ತರ: ಈ ವಯಸ್ಸಿಗೆ ನಿಷ್ಠೆ ಬೇಡ ತಾಯಿ, ತಂಡಗಳನ್ನು ಬದಲಿಸುತ್ತಲೇ ಅವನು ಆಟವನ್ನು ಕಲಿಯುತ್ತಾನೆ. ಜೆರ್ಸಿ ಮಾತ್ರ ವರ್ಷಕ್ಕೆ ಒಂದೇ ಎಂದು ಹೇಳಿಬಿಡಿ. ಯಾವುದೆಂದು ಅವನೇ ಆರಿಸಲಿ, ಮಧ್ಯದಲ್ಲಿ ಮನಸ್ಸು ಬದಲಾದರೂ ಅದನ್ನೇ ತೊಡಲಿ. ಉಳಿದ ಹಣಕ್ಕೆ ಒಂದು ಒಳ್ಳೆಯ ಚೆಂಡು ಕೊಡಿಸಿ.